ಈಸ್ಟರ್ ಬೆಳಗಿನ ಬಂಗಡೆ

ಈಸ್ಟರ್ ದಿನ ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಮೇಲೆ ನಾವು ಮನೆಯೊಳಗೆ ಕೂತು ಉಣ್ಣುತ್ತಿರಲಿಲ್ಲ. ಕಾಸರಕೋಡಿನ ಅಳಿವೆಯಲ್ಲಿ, ಶರಾವತಿ ಹೊಳೆ ಸಮುದ್ರ ಸೇರುವ ಕಡೆ, ನೀರಿನ ನಡುವೆ ಒಂದು ಮರಳುದಿಬ್ಬವಿದೆ. ಅಲ್ಲಿಗೆ ದೋಣಿಯಲ್ಲಿ ಹೋಗಿ ತೆಂಗಿನ ಗರಟೆಯ ಕೆಂಡದಲ್ಲಿ ಬಂಗಡೆ ಸುಟ್ಟು ತಿನ್ನುತ್ತಿದ್ದೆವು. ರಾತ್ರಿಯಿಡೀ ಬಲೆ ಬೀಸಿ ಸೋತ ಶಿಷ್ಯರಿಗೆ, ಸತ್ತು ಎದ್ದ ಯೇಸು ದಂಡೆಯಲ್ಲಿ ಮೀನು ಸುಟ್ಟುಕೊಟ್ಟ ಕಥೆಯನ್ನು ಪಪ್ಪ ಕೆಂಡ ಊದುತ್ತ ಹೇಳುತ್ತಿದ್ದರು. ಅವರೂ ಮೀನು ಹಿಡಿದೇ ನಮ್ಮನ್ನು ಸಾಕಿದವರು. ಮೊದಲ ತುಂಡನ್ನು ಹಂಚುವುದು ಮನೆಯ ಅತಿ ಸಣ್ಣವರ ಹಕ್ಕು. ಒಂದು ಕಾಲಕ್ಕೆ ಅದು ನನ್ನದಾಗಿತ್ತು. ಆಮೇಲೆ ನನ್ನ ಮಗಳದ್ದಾಯಿತು, ಅವಳಿಗೀಗ ಎಂಟು ವರ್ಷ.

ಕುಮಟಾದಲ್ಲಿ ಬೆಳೆಯುವ ಅವಳಿಗೆ ಈಸ್ಟರ್ ಎಂದರೆ ಬೇಕರಿಯ ಸಕ್ಕರೆ ಮೊಟ್ಟೆ. ಅದಕ್ಕೇ ಹೋದ ವರ್ಷ ದಿಬ್ಬದ ಮೇಲೆ ಪಪ್ಪನ ಕಥೆಯನ್ನು ಮೊಬೈಲಿನಲ್ಲಿ ಹಿಡಿದಿಡಬೇಕೆಂದು ಹೊರಟೆ. ಮುಗಿದ ಮೇಲೆ ನೋಡಿದರೆ ರೆಕಾರ್ಡ್ ಆಗಿರಲಿಲ್ಲ.

“ಪಪ್ಪಾ, ಇನ್ನೊಂದ್ಸಲ ಹೇಳಿ.”

“ಇಳಿತ ಶುರುವಾತು ಬಾಯೆ, ನೀರು ಸಮುದ್ರಕ್ಕೆ ಎಳೀತದೆ. ಹೊರಡ್ವ.”

“ಐದೇ ನಿಮಿಷ.”

“ಎಂತ ಕಾಲೇಜು ಕಲ್ತೆ ನೀನು? ಒಂದು ಬಟನ್ ಒತ್ತೂಕೆ ಬರೂದಿಲ್ಲ!” ಎಂದು ನಕ್ಕು, ಮತ್ತೆ ಮೊದಲಿನಿಂದ ಹೇಳಿದರು. ಯೇಸು ಹೇಳಿದ ಕಡೆ ಬೀಸಿದ ಬಲೆಯಲ್ಲಿ ನೂರೈವತ್ತಮೂರು ಮೀನು ಎಂದಾಗ ಮಗಳು, “ಎಣಿಸಿದ್ದು ಯಾರು ಅಜ್ಜಾ?” ಎಂದಳು.

“ಹಿಡಿದವ ಎಣಿಸದೇ ಬಿಡ್ತಾನಾ?”

ದೋಣಿ ಸಣ್ಣದು, ಇಬ್ಬರಿಗೆ ಸರಿ. ಪಪ್ಪ ಮೊದಲು ಮಗಳನ್ನು ಕೂರಿಸಿಕೊಂಡು ಹೊರಟರು. ನಾನು ದಿಬ್ಬದ ಮೇಲೆ ಉಳಿದೆ. ಅರ್ಧ ದಾರಿಯಲ್ಲಿ ದೋಣಿಯ ಮೂತಿ ಸಮುದ್ರದ ಕಡೆ ತಿರುಗಿತು. ಪಪ್ಪ ಹುಟ್ಟು ಹಾಕುತ್ತಲೇ ಇದ್ದರು, ದೋಣಿ ಅಡ್ಡಡ್ಡ ಜಾರುತ್ತಲೇ ಇತ್ತು. ಹೊಳೆಯ ಸೆಳೆತಕ್ಕೆ ಎದುರಾಗಿ ತೆರೆ ಬೆಳ್ಳಗೆ ಒಡೆಯುವ ಜಾಗದಲ್ಲಿ ಅದು ಮಗುಚಿತು. ಮಗಳ ಹಳದಿ ಫ್ರಾಕು ಕಂಡಿತು, ಕಾಣಲಿಲ್ಲ, ಮತ್ತೆ ಕಂಡಿತು. ಪಪ್ಪ ಅವಳನ್ನು ಮಗುಚಿದ ದೋಣಿಯ ಬೆನ್ನಿಗೆ ಒತ್ತಿ ಹಿಡಿದಿದ್ದರು. ನಾನು ಕೂಗುತ್ತಿದ್ದೆನಂತೆ, ಕೂಗಿದ ನೆನಪು ನನಗಿಲ್ಲ. ಬಂದರಿಗೆ ಮರಳುತ್ತಿದ್ದ ಮೀನು ಬೋಟಿನವರು ಹಗ್ಗ ಎಸೆದು ಇಬ್ಬರನ್ನೂ ಎತ್ತಿದರು, ಆಮೇಲೆ ನನ್ನನ್ನೂ ದಿಬ್ಬದಿಂದ ದಂಡೆಗೆ ತಂದರು.

ಎರಡನೇ ಸಲ ರೆಕಾರ್ಡ್ ಆದ ಕಥೆಯನ್ನು ನಾನು ಇನ್ನೂ ತೆರೆದಿಲ್ಲ. ಈಗಲೂ ಪಾತ್ರೆ ತೊಳೆಯುವಾಗ, ಬಸ್ಸು ಶರಾವತಿ ಸೇತುವೆ ದಾಟುವಾಗ, ಆ ಫ್ರಾಕು ಮುಳುಗುತ್ತದೆ. ಕೆಲವು ಸಲ ಅದು ಮೇಲೆ ಬರುವುದೇ ಇಲ್ಲ.

ಸುದ್ದಿ ಕೇಳಿ ಓಡಿಬಂದ ನನ್ನ ಗಂಡ ಪಪ್ಪನ ಎದುರು ನಿಂತು, “ಹುಟ್ಟಿದಾಗಿಂದ ನೀರಲ್ಲಿದ್ದವರು ಮಾವ ನೀವು. ಇಳಿತ ಯಾವಾಗ ಅಂತ ಗೊತ್ತಾಗ್ಲಿಲ್ವಾ? ಇನ್ನು ಮಗು ನಿಮ್ಮ ಸಂಗಡ ಎಲ್ಲಿಗೂ ಬರೂದಿಲ್ಲ,” ಎಂದರು.

“ತಪ್ಪಾತು,” ಎಂದರು ಪಪ್ಪ. ಅಂಗಿಯಿಂದ ನೀರು ಇನ್ನೂ ಇಳಿಯುತ್ತಿತ್ತು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಆಮೇಲೆ ಅವರು ದೋಣಿ ಹತ್ತಲಿಲ್ಲ.

ಈ ವರ್ಷ ಅವರನ್ನೇ ಕುಮಟಾಕ್ಕೆ ಕರೆದೆವು. ಬಂಗಡೆಯನ್ನು ಗ್ಯಾಸಿನ ಮೇಲೆ ಹುರಿದೆ. ಮಗಳು ಮೊದಲ ತುಂಡನ್ನು ಅಜ್ಜನ ತಟ್ಟೆಗೆ ಹಾಕಿ, “ಕಥೆ?” ಎಂದಳು. ಪಪ್ಪ ಅಳಿಯನ ಮುಖ ನೋಡಿದರು, ಕಥೆ ಹೇಳುವುದಕ್ಕೂ ಅಪ್ಪಣೆ ಬೇಕೇನೋ ಎಂಬಂತೆ. ನನಗೆ ತಡೆಯಲಾಗಲಿಲ್ಲ.

“ಅವತ್ತು ಪಪ್ಪ ಹೊರಡ್ವ ಅಂದಿದ್ರು. ಇನ್ನೊಂದ್ಸಲ ಹೇಳಿ ಅಂತ ಕೂರಿಸಿದ್ದು ನಾನು.”

ಗಂಡ ತುತ್ತು ಕೆಳಗಿಟ್ಟರು. “ವರ್ಷವಿಡೀ ಸುಮ್ನಿದ್ಯಲ್ಲೇ,” ಎಂದರು.

“ಆತು ಬಿಡಿ,” ಎಂದರು ಪಪ್ಪ, ಮೀನಿನ ಮುಳ್ಳು ಬಿಡಿಸುತ್ತ. “ಹುಟ್ಟು ನನ್ನ ಕೈಲಿತ್ತು.”

ಮುಳ್ಳು ತೆಗೆದ ಮೀನನ್ನು ಮೊಮ್ಮಗಳ ತಟ್ಟೆಗೆ ಹಾಕಿ, “ನಂಗೆ ಕಥೆ ಮರ್ತೋಯ್ತು ಪುಟ್ಟಿ. ಅಮ್ಮಂಗೆ ಕೇಳು,” ಎಂದರು.

ಮಗಳು ನನ್ನ ಕಡೆ ತಿರುಗಿದಳು. ನಾನು ಶುರು ಮಾಡಿದೆ. ಶಿಷ್ಯರು ದೋಣಿ ಹತ್ತಿ ಹೊರಡುವವರೆಗೆ ಹೇಳಿದೆ. ಅಲ್ಲಿಂದ ಮುಂದೆ ನನ್ನಿಂದ ಆಗಲಿಲ್ಲ.