ಅಣ್ಣನ ವಿಮಾನಕ್ಕೆ ನನ್ನ ಸಹಿ

ಅಣ್ಣ ಫೋನಿನಲ್ಲಿ ವಿಮಾನದ ಸುದ್ದಿಯನ್ನೇ ಎತ್ತಲಿಲ್ಲ. 'ರಜಿಸ್ಟರ್ ಆಫೀಸಿನ್ಯಾಗ ಒಂದು ಸಹಿ ಮಾಡೋದೈತಿ, ನಾಳೆ ಬಾ' ಎಂದು ಇಟ್ಟುಬಿಟ್ಟ. ಆಮೇಲೆ ಅವ್ವ ಫೋನು ಮಾಡಿ ಹೇಳಿದಳು. ಇಂಡಿ ಹತ್ತಿರದ ನಮ್ಮ ಲಿಂಬೆ ತೋಟ ಮಾರಿ ಅವನು ವಿಮಾನ ಕೊಳ್ಳುವವನಿದ್ದ. ಅಪ್ಪ ತೀರಿಕೊಂಡ ಮೇಲೆ ಆ ತೋಟದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅವನ ಹೆಸರಿನ ಕೆಳಗೆ ನನ್ನದೂ ಸೇರಿತ್ತು. ನಾನು ಹಕ್ಕು ಬಿಟ್ಟೆನೆಂದು ಸಹಿ ಹಾಕದೆ ಅದನ್ನು ಮಾರುವಂತಿರಲಿಲ್ಲ.

ತಾಳಿಕೋಟೆಯಿಂದ ಸಿಂದಗಿಗೆ, ಅಲ್ಲಿಂದ ಇಂಡಿಗೆ ಬಸ್ಸು ಬದಲಿಸಿ ತವರು ಮುಟ್ಟಿದೆ. ನಮ್ಮ ಕಡೆ ಹೆಣ್ಣುಮಕ್ಕಳು ಹೀಗೆ ಸಹಿ ಹಾಕಿ, ಉಡಿ ತುಂಬಿಸಿಕೊಂಡು, ಕಣ್ಣೊರೆಸಿಕೊಂಡು ಗಂಡನ ಮನೆಗೆ ಮರಳುವುದು ಹೊಸದೇನಲ್ಲ. ಪಡಸಾಲೆಯಲ್ಲಿ ವೈನಿ, ಅಂದರೆ ಅಣ್ಣನ ಹೆಂಡತಿ, ತೆಂಗಿನಕಾಯಿ, ಕುಬಸ, ಅಕ್ಕಿಯನ್ನು ತಟ್ಟೆಯಲ್ಲಿ ಆಗಲೇ ಜೋಡಿಸಿಟ್ಟಿದ್ದಳು. ಸಹಿಗಿಂತ ಮೊದಲೇ ಉಡಿ ಸಿದ್ಧವಾಗಿತ್ತು. ನನಗೆ ಮೈಯೆಲ್ಲ ಉರಿಯಿತು.

ಅಣ್ಣನೇನು ಹುಚ್ಚನಲ್ಲ, ಊರಿಗೇ ಲೆಕ್ಕ ಹೇಳಿಕೊಡುವವನು. ಆದರೆ ಯಾರೋ ಗೆಳೆಯರ ಜೊತೆ ಹೋಗಿ ಎರಡು ಸೀಟಿನ ಹಗುರ ವಿಮಾನದಲ್ಲಿ ಒಮ್ಮೆ ಕೂತು ಬಂದದ್ದೇ ತಡ, ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಬಳಸಿದ್ದು ಬೇಡ, ಪರದೇಶದ ಹೊಚ್ಚ ಹೊಸದೇ ಬೇಕು ಎಂದು ಹಟ ಹಿಡಿದಿದ್ದ.

'ಎಷ್ಟು ಬೀಳತೈತಿ?' ಎಂದೆ.

'ನಲವತ್ತು ಲಕ್ಷ.'

'ಅದು ಬರೇ ವಿಮಾನದ್ದಾತು. ನಾವು ತಾಳಿಕೋಟ್ಯಾಗ ಹಿಟ್ಟಿನ ಗಿರಣಿ ಹಾಕಿದಾಗ ಗಿರಣಿಗಿಂತ ಅದರ ಸುತ್ತಿನ ಖರ್ಚೇ ಜಾಸ್ತಿ ಆತು. ಪೂರಾ ಹೇಳು.'

ಸಿಟ್ಟು ಬಂದರೂ, ಲೆಕ್ಕ ಕೇಳಿದರೆ ಅವನು ಬಾಯಿ ಮುಚ್ಚಿ ಕೂಡುವವನಲ್ಲ. ಬೆರಳು ಮಡಚತೊಡಗಿದ. 'ಹಡಗಿನ ಬಾಡಿಗಿ, ಕಸ್ಟಮ್ಸ್ ಸುಂಕ, ವಿಮಾ. ನಿಲ್ಲಸಾಕ ತಗಡಿನ ಶೆಡ್ಡು, ಇಳಸಾಕ ಸಪಾಟ ಜಾಗಾ. ನಾ ಹಾರಿಸೋದು ಕಲಿಯೋ ಫೀಸು, ದಿಲ್ಲಿ ಪರವಾನಗಿ, ವರ್ಷಾ ಇಂಜಿನ್ ತಪಾಸಣಿ. ಆಮ್ಯಾಲ ನಿನಗೊಂದು ಇಳಕಲ್ ಸೀರಿ.'

ಅವನು ಚುಚ್ಚಬೇಕೆಂದು ಹೇಳಿದ್ದಲ್ಲ, ನಿಜವಾಗಿ ಲೆಕ್ಕ ಒಪ್ಪಿಸಿದ್ದ. ಅದಕ್ಕೇ ನನಗೆ ಅಷ್ಟು ನೋವಾಯಿತು. ಶೆಡ್ಡು, ಸುಂಕಗಳ ಸಾಲಿನಲ್ಲಿ ನಾನೂ ಅವನ ವಿಮಾನದ ಒಂದು ಖರ್ಚಾಗಿದ್ದೆ, ಅದೂ ಎಲ್ಲಕ್ಕಿಂತ ಅಗ್ಗದ್ದು.

'ನಾ ಸಹಿ ಮಾಡಂಗಿಲ್ಲ,' ಎಂದೆ.

'ತವರು ಕಳಕೋಬ್ಯಾಡ ಯವ್ವಾ,' ಎಂದು ಅವ್ವ ನನ್ನ ಕೈ ಹಿಡಿದಳು. ಅಣ್ಣ ಮುಖ ಕೆಂಪಗೆ ಮಾಡಿಕೊಂಡು, 'ಇವತ್ತ ಸಹಿ ಆಗಲಿಲ್ಲಂದ್ರ ಈ ಹೊಸ್ತಿಲಾ ಮತ್ತ ತುಳೀಬ್ಯಾಡ,' ಎಂದ. ತೋಟ ಕೊಳ್ಳುವವರು ಆಫೀಸಿನ ಮುಂದೆ ಕಾಯುತ್ತಿದ್ದರು. ನಾನು ಕೈಚೀಲ ಎತ್ತಿಕೊಂಡು ಹೊರಗೆ ಬಂದೆ. ತೋಟ ಮಾರಾಟವಾಗಲಿಲ್ಲ, ವಿಮಾನವೂ ಬರಲಿಲ್ಲ.

ಮುಂದೆ ನಾಗರ ಪಂಚಮಿ ಬಂತು. ನಮ್ಮಲ್ಲಿ ಅಣ್ಣತಮ್ಮಂದಿರು ಬಂದು ಕರೆಯದೆ ಹೆಣ್ಣುಮಕ್ಕಳು ಆ ಹಬ್ಬಕ್ಕೆ ತವರಿಗೆ ಹೋಗುವುದಿಲ್ಲ. ಓಣಿಯ ಸೊಸೆಯಂದಿರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು. ನನ್ನ ಬಾಗಿಲಿಗೆ ಯಾರೂ ಬರಲಿಲ್ಲ. ಅಡುಗೆಮನೆಯಲ್ಲಿ ಕೂತು ಮನಸಾರೆ ಅತ್ತೆ. ಆಮೇಲೆ ಹಬ್ಬದ ಉಂಡಿ ಕಟ್ಟಿ, ರೊಟ್ಟಿ ಪಲ್ಯದ ಜೊತೆ ಡಬ್ಬಿಗೆ ತುಂಬಿ, ನಾನೇ ಬಸ್ಸು ಹತ್ತಿದೆ.

ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ಬಾಗಿಲಿಗೆ ಅಡ್ಡ ನಿಂತ. ಒಳಗೆ ಅವ್ವನ ಬಳೆಯ ಸಪ್ಪಳ ಕೇಳುತ್ತಿತ್ತು.

'ಕರೀಲಾರದ ಬಂದೀಯಲ್ಲ?' ಎಂದ.

ನಾನು ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿದೆ.

'ನಿನ್ನ ಮನಿಗೆ ಬಂದಿಲ್ಲಣ್ಣಾ, ನನ್ನ ತೋಟಕ್ಕ ಬಂದೇನಿ,' ಎಂದೆ. 'ಅವ್ವನ್ನ ಅಲ್ಲಿಗೇ ಊಟಕ್ಕ ಕಳಸು. ನೀನೂ ಬಾ. ಹಬ್ಬಕ್ಕ ನಾನೇ ಕರ್ಯಾಕತ್ತೇನಿ.'