ವಿತೋರ್ಯಾಳ ಹೊಸ್ತಿಲು

ಗೋಜೋ ದ್ವೀಪದ ಶ್ಲೆಂಡಿ ಎಂಬ ಕಡಲೂರಲ್ಲಿ ವಿತೋರ್ಯಾ ಅಂತ ಒಬ್ಬ ಹೆಂಗಸಿದ್ದಳು. ಆ ಕೇರಿಗೆಲ್ಲ ಆಡು ಸಾಕಿದವಳು ಅವಳೊಬ್ಬಳೇ. ಹಾಲು ಒಡೆಸಿ, ಜೊಂಡಿನ ಪುಟ್ಟ ಬುಟ್ಟಿಗಳಲ್ಲಿ ನೀರಿಳಿಸಿ, ಬೆಳ್ಳನೆಯ ಚೀಸಿನ ಬಿಲ್ಲೆ ಮಾಡುವಳು.

ಕಡಲು ಯಾರ ಗಂಡನನ್ನಾದರೂ ನುಂಗಿದರೆ, ಆ ವಿಧವೆಯ ಹೊಸ್ತಿಲ ಮೇಲೆ ಒಬ್ಬರು ಹೂಕೋಸು, ಇನ್ನೊಬ್ಬರು ನವಿಲುಕೋಸು, ಮತ್ತೊಬ್ಬರು ಹಸಿ ಬಟಾಣಿ ಇಟ್ಟು, ಬಾಗಿಲು ಬಡಿಯದೆ ಹೋಗಿಬಿಡುತ್ತಿದ್ದರು. ಎಲ್ಲ ಬೇಯಿಸಿ ಒಂದು ಮೊಟ್ಟೆ ಒಡೆದು ಹಾಕಿದರೆ ಅದೇ ವಿಧವೆಯ ಸಾರು. ಕೊನೆಯಲ್ಲಿ ಅದಕ್ಕೆ ಬೀಳುವ ಚೀಸಿನ ಬಿಲ್ಲೆ ಮಾತ್ರ ಯಾವತ್ತೂ ವಿತೋರ್ಯಾಳದು.

"ಅವರಿಗೆಲ್ಲ ಇಡೀ ಬಿಲ್ಲೆ, ನನ್ನ ತಟ್ಟೆಗೆ ಮಾತ್ರ ಅರ್ಧಾನಾ?" ಅಂತ ಅವಳ ಗಂಡ ನಾರ್ದು ರೇಗಿಸುತ್ತಿದ್ದ.

"ಮೊದಲು ಬಲೆ ತುಂಬ ಮೀನು ತನ್ನಿ, ಆಮೇಲೆ ಇಡೀದು."

"ಲೇ, ನಾನು ಹೋದ್ರೆ ನಿನಗೆ ಯಾರೇ ಬಿಲ್ಲೆ ತಂದಿಡ್ತಾರೆ? ಆಡು ಇರೋದು ನಿನ್ನ ಹತ್ರ ಮಾತ್ರಾನೇ!"

"ಬಿಡ್ತು ಅನ್ನಿ!" ಅಂತ ಅವಳು ಸೌಟೆತ್ತುವಳು. ಇಬ್ಬರೂ ನಗುವರು.

ಆ ಚಳಿಗಾಲ ಬಿರುಗಾಳಿ ಎದ್ದಾಗ ನಾರ್ದುವಿನ ದೋಣಿ ಕಡಲಲ್ಲಿತ್ತು. ಉಳಿದ ದೋಣಿಗಳೆಲ್ಲ ಬಂದವು, ಅವನದು ಬರಲಿಲ್ಲ. ವಿತೋರ್ಯಾ ಬೆಳಕು ಹರಿಯುವ ಮೊದಲೇ ದಡಕ್ಕೆ ಹೋಗಿ ನಿಲ್ಲತೊಡಗಿದಳು. ಯಾವುದೋ ಕೊಲ್ಲಿಯಲ್ಲಿ ಸಿಕ್ಕಿಕೊಂಡಿರಬಹುದು, ಗಾಳಿ ಇಳಿದ ಮೇಲೆ ಬರುತ್ತಾರೆ ಎಂದುಕೊಂಡು ಒಂದು ಬೆಳಗ್ಗೆ ಮನೆಗೆ ಮರಳಿದರೆ, ಹೊಸ್ತಿಲ ಮೇಲೆ ಹೂಕೋಸು. ಪಕ್ಕದಲ್ಲೊಂದು ನವಿಲುಕೋಸು.

ಎರಡನ್ನೂ ಎತ್ತಿಕೊಂಡು ಪಕ್ಕದ ಮನೆಗೆ ನುಗ್ಗಿದಳು. "ತೋನ್ಯಕ್ಕಾ, ಇದು ನಿಮ್ಮ ಹಿತ್ತಿಲದ್ದೇ ತಾನೇ? ತಗೊಳ್ಳಿ ವಾಪಸ್! ಬದುಕಿರೋರಿಗೆ ಇದನ್ನ ಇಡ್ತೀರಾ?"

ತೋನ್ಯಕ್ಕನ ಮುಖ ಬಿಳಿಚಿತು. "ಅಯ್ಯೋ ಕೂಸೇ... ಪಾದ್ರಿಗಳು ಬಂದಿದ್ರು. ನೀನು ಸಿಗಲಿಲ್ಲ ಅಂತ ದಡಕ್ಕೇ ಹೋದ್ರು. ನಿನಗೆ ಹೇಳಿರ್ತಾರೆ ಅಂದ್ಕೊಂಡೆ ಕಣೇ."

ಪಾದ್ರಿ ಮೇಲಿನ ದಾರಿಯಲ್ಲಿ ಇಳಿದಿದ್ದರು, ಅವಳು ಕೆಳಗಿನ ದಾರಿಯಲ್ಲಿ ಹತ್ತಿ ಬಂದಿದ್ದಳು. ನಾರ್ದುವಿನ ದೇಹವನ್ನು ಆಗಲೇ ಆಚೆ ಊರಿನ ಬಂದರಿಗೆ ತಂದು ಮಲಗಿಸಿದ್ದರು. ವಿತೋರ್ಯಾ ಆ ಹೂಕೋಸನ್ನು ಕೂಸಿನಂತೆ ಎದೆಗವಚಿಕೊಂಡು ಅಲ್ಲೇ ಕುಸಿದಳು.

ಮಣ್ಣು ಮುಗಿದ ಸಂಜೆ ತರಕಾರಿ ಹೆಚ್ಚಿದಳು. ಒಲೆ ಹೊತ್ತಿಸಿದಳು. ಮೊಟ್ಟೆಯೂ ಬಿತ್ತು. ಚೀಸಿನ ಬುಟ್ಟಿಗೆ ಕೈ ಹಾಕಿ, ಅಭ್ಯಾಸದಂತೆ ಚಾಕುವಿನಿಂದ ಬಿಲ್ಲೆಯನ್ನು ಅರ್ಧ ಮಾಡಹೋದವಳು ಕೈ ತಡೆದಳು. ಇಡೀ ಬಿಲ್ಲೆಯನ್ನೇ ಬಟ್ಟೆಯಲ್ಲಿ ಸುತ್ತಿ, ತಲೆಗೆ ಕರಿ ಶಾಲು ಹೊದ್ದು ಹೊರಗೆ ಬಂದಳು. ಬಾಗಿಲೆಳೆದುಕೊಂಡು, ಬಗ್ಗಿ, ಅದನ್ನು ತನ್ನದೇ ಹೊಸ್ತಿಲ ಮೇಲಿಟ್ಟಳು.

ಬಾಗಿಲು ಬಡಿಯಲಿಲ್ಲ. ಬೀದಿಯ ತುದಿಯವರೆಗೆ ನಡೆದುಹೋಗಿ, ಹಿಂತಿರುಗಿ ಬಂದು, ಎತ್ತಿಕೊಂಡಳು.