ಮಾಲವಣಕ್ಕೆ ಕೆಂಪು ಬಸ್ಸೇ ಸೈ

ನನ್ನ ಮೊಮ್ಮಗಳು ಸಮುದ್ರದಲ್ಲಿ ಕೆಲಸ ಮಾಡುತ್ತಾಳೆ. ಸಮುದ್ರದ ಮೇಲಲ್ಲ, ಒಳಗೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಮುಂಬೈ, ಪುಣೆ, ಬೆಂಗಳೂರಿನಿಂದ ಕೊಂಕಣ ದಂಡೆಯ ಮಾಲವಣಕ್ಕೆ ಬರುವ ಜನರ ಕೈ ಹಿಡಿದು ನೀರಿನ ತಳಕ್ಕೆ ಇಳಿಸಿ, ಮೀನು ತೋರಿಸಿ, ಮತ್ತೆ ಮೇಲಕ್ಕೆ ತಂದು ಬಿಡುತ್ತಾಳೆ. ಇದನ್ನು ನಾನು ಬೇಡಕಿಹಾಳದಲ್ಲಿ ಡೇರಿಗೆ ಹಾಲು ಹಾಕಲು ಹೋದಾಗ ಹೇಳಿದ್ದೇನೆ, ನಿಪ್ಪಾಣಿಯ ಸಂತೆಯಲ್ಲಿ ಹೇಳಿದ್ದೇನೆ, ದವಾಖಾನೆಯ ಸಾಲಿನಲ್ಲಿ ಗುರುತಿಲ್ಲದ ಹೆಂಗಸಿಗೂ ಹೇಳಿದ್ದೇನೆ. ಸಾಲದೆಂದು ಈಗ ಬರೆಯಲು ಕುಳಿತಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಬರಹ. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ, ಸಂತೋಷದಲ್ಲಿ ಮಾತ್ರ ತಪ್ಪಿಲ್ಲ.

ಅವಳಿಗೆ ಈಜು ಕಲಿಸಿದವಳು ನಾನೇ. ನನ್ನ ತವರು ಉಗಾರ ಖುರ್ದ, ಕೃಷ್ಣೆಯ ದಂಡೆ. ಬಟ್ಟೆ ಒಗೆಯಲು ಹೋದ ನಾವು ಹುಡುಗಿಯರು ಒಗೆದದ್ದಕ್ಕಿಂತ ಈಜಿದ್ದೇ ಹೆಚ್ಚು. ಮದುವೆಯಾಗಿ ಬೇಡಕಿಹಾಳಕ್ಕೆ ಬಂದರೆ ಇಲ್ಲಿ ಹೊಲದಲ್ಲಿ ಮೆಟ್ಟಿಲು ಬಾವಿ. ಕಚ್ಚೆ ಬಿಗಿದು ಇಳಿದೇಬಿಟ್ಟೆ. ಅತ್ತೆ ಮೊದಲ ದಿನ ಬೈದರು. ಮರುದಿನ ತಮ್ಮ ತಂಗಿಯ ಮಗಳನ್ನು ಕರೆತಂದು ನಿಲ್ಲಿಸಿ, "ಇಕಿಗೂ ಈಜು ಕಲಿಸ" ಎಂದರು. ಅಲ್ಲಿಂದ ಓಣಿಯ ಮಕ್ಕಳೆಲ್ಲ ನನ್ನ ಕೈಯಲ್ಲೇ ಕಲಿತವರು.

ನಮ್ಮ ಬಾವಿಗೆ ಎರಡು ಕಟ್ಟಳೆಗಳಿದ್ದವು. ಹೊಸಬರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತೇವೆ, ಮುಳುಗಬಾರದೆಂದು. ಆ ಗಂಟು ಹಾಕಿದವರೇ ಅದನ್ನು ಬಿಚ್ಚಬೇಕು. ಬಿಚ್ಚುವ ತನಕ ಅವರು ದಂಡೆ ಬಿಟ್ಟು ಹೋಗುವಂತಿಲ್ಲ, ಮನೆಯಲ್ಲಿ ಎಮ್ಮೆ ಕರು ಹಾಕುತ್ತಿದ್ದರೂ ಸರಿ. ಇನ್ನೊಂದು, ಒಬ್ಬರು ಜಿಗಿದ ಮೇಲೆ ನೀರು ನಿಲ್ಲಬೇಕು. ಅಲೆ ಅಡಗಿ, ಬಾವಿಯ ಗೋಡೆ ನೀರಿನಲ್ಲಿ ನೆಟ್ಟಗೆ ಕಂಡ ಮೇಲೆಯೇ ಹೊಸಬರು ಇಳಿಯುವುದು.

ಇಡೀ ಓಣಿಗೆ ಕಲಿಸಿದ ನನಗೆ ನನ್ನ ಮಗನೊಬ್ಬನಿಗೆ ಕಲಿಸಲಾಗಲಿಲ್ಲ. ಬುರುಡೆ ಕಂಡರೆ ಸಾಕು, ಓಡಿ ಕಬ್ಬಿನೊಳಗೆ ಅಡಗುತ್ತಿದ್ದ. ಅಂಥವನ ಹೊಟ್ಟೆಯಲ್ಲಿ ಇವಳು ಹುಟ್ಟಿದಳು. ಸಣ್ಣವಳಿದ್ದಾಗ ನಮ್ಮ ಹತ್ತಿರವೇ ಬೆಳೆದಳು, ಮೀನಿನ ಹಾಗೆ. ಆಮೇಲೆ ಮಗ ಪುಣೆಗೆ ಕರೆದೊಯ್ದ, ಅವನಿಗೆ ಅಲ್ಲಿ ನೌಕರಿ. ಕಾಲೇಜು ಮುಗಿಸಿದವಳು ಗೆಳತಿಯರ ಜೊತೆ ಮಾಲವಣಕ್ಕೆ ಟ್ರಿಪ್ ಹೋದಳು. ಗೆಳತಿಯರು ವಾಪಸು ಬಂದರು. ಇವಳು ಮನೆಗೆ ಫೋನು ಮಾಡಿ, ಡೈವಿಂಗ್ ಕಲಿಯುತ್ತೇನೆ ಎಂದಳು. ಕಲಿತಳು, ಪರೀಕ್ಷೆಯನ್ನೂ ಮುಗಿಸಿದಳು. ದೀಪಾವಳಿಯ ನಂತರ ಕಲಿಸಿದವರೇ ಕಾಯಂ ಕೆಲಸಕ್ಕೆ ಕರೆದರು.

ಆಗ ಮಗನ ಫೋನು ಬಂತು.

"ಅವ್ವಾ, ಶನಿವಾರ ಮಾಲವಣಕ್ಕ ಹೊಂಟೀನಿ. ಅಕಿನ್ನ ಕರಕೊಂಡ ಬರ್ತೀನಿ. ಸಾಕು ಈ ನೀರಿನ ಆಟ."

"ಅಕಿ ಬರ್ತೀನಿ ಅಂದಾಳೇನು?"

"ಅಂದಿಲ್ಲ. ನಾ ಹೋಗಿ ನಿಂತ್ರ ಬರ್ತಾಳ."

ಅದು ನನಗೂ ಗೊತ್ತಿತ್ತು. ಹುಡುಗಿ ಸಮುದ್ರಕ್ಕೆ ಹೆದರುವವಳಲ್ಲ, ಅಪ್ಪನ ಮುಖ ಸಣ್ಣದಾದರೆ ಕರಗಿಬಿಡುತ್ತಾಳೆ. ಅವನೊಬ್ಬನೇ ಹೋಗಿ ನಿಂತರೆ ಅವಳ ಕೆಲಸ ಮುಗಿದ ಹಾಗೆಯೇ.

"ನಾನೂ ಬರಾಕಿ" ಎಂದೆ.

ಅಲ್ಲಿಂದ ಶುರುವಾಯಿತು ನೋಡಿ, ಯಾವುದರಲ್ಲಿ ಹೋಗುವುದು ಎಂಬ ಸಭೆ. ಬೆಂಗಳೂರಿನಲ್ಲಿ ಮದುವೆಯಾಗಿರುವ ಮಗಳು, "ಅವ್ವಾ, ವಿಮಾನದಾಗ ಹೋಗೂಣ. ನೀ ಬೆಳಗಾವಿಯಿಂದ ಬೆಂಗಳೂರಿಗೆ ಹಾರಿ ಬಾ, ಇಲ್ಲಿಂದ ಇಬ್ರೂ ಗೋವಾಕ್ಕ ಹಾರೂಣ, ಮುಂದ ಟ್ಯಾಕ್ಸಿ" ಎಂದಳು. ಕಟ್ಟೆಯ ಮೇಲೆ ಕುಳಿತು ಕೇಳಿಸಿಕೊಂಡ ನಮ್ಮ ಮನೆಯವರು ಬಾಯಿ ಹಾಕಿದರು.

"ಸಮುದ್ರ ಈ ಕಡೆ ಐತಿ. ನೀ ಆ ಕಡೆ ಹಾರಿ, ಮತ್ತ ನಮ್ಮ ತಲೀ ಮ್ಯಾಲ ಹಾದು ಈ ಕಡೆ ಬರ್ತೀಯೇನ ಬೇ? ಬರೂವಾಗ ಕೈ ಮಾಡು, ನಾ ಕೆಳಗ ಎಮ್ಮಿ ಹಿಂಡಕೋತ ಕುಂತಿರ್ತೀನಿ."

"ಎಮ್ಮಿ ಕಡೆ ನೋಡ್ರಿ, ಒದ್ದೀತು" ಎಂದೆ.

ರೈಲು ನನಗೆ ಮೊದಲಿನಿಂದಲೂ ಇಷ್ಟ. ತವರಿನ ಸ್ಟೇಶನ್ನಿನಲ್ಲಿ ಅದರ ಸೀಟಿ ಕೇಳಿಯೇ ಬೆಳೆದವಳು. ಆದರೆ ನಮ್ಮ ರೈಲು ರಾಯಬಾಗ, ಬೆಳಗಾವಿ, ಲೋಂಡಾ ಎಂದು ಕೆಳಗಿಳಿದು ಗೋವಾ ಮುಟ್ಟುತ್ತದೆ. ಅಲ್ಲಿ ಇನ್ನೊಂದು ರೈಲು ಹಿಡಿದು ಮತ್ತೆ ಮೇಲಕ್ಕೆ, ಮಾಲವಣದ ಹತ್ತಿರದ ಕುಡಾಳಕ್ಕೆ ಬರಬೇಕು. ಎರಡು ರೈಲು ಸೇರಿಸುವಷ್ಟರಲ್ಲಿ ಮಗ ಅಲ್ಲಿಗೆ ಹೋಗಿ, ಹುಡುಗಿಯನ್ನು ಕರೆದುಕೊಂಡು ಪುಣೆ ಸೇರಿರುತ್ತಾನೆ. ಮಗ ಪುಣೆಯಿಂದ ಹೊರಡುವ ಸ್ಲೀಪರ್ ಬಸ್ಸಿನ ಮಾತೆತ್ತಿದ, "ಹಾದ್ಯಾಗ ನಿನ್ನ ಹತ್ತಿಸ್ಕೋತೀನಿ" ಎಂದ. ಅದರೊಳಗೆ ಅವನೊಂದು ಗೂಡು, ನಾನೊಂದು ಗೂಡು, ನಡುವೆ ಪರದೆ. ಮಲಗಿದವನ ಜೊತೆ ನಾನೇನು ಮಾತಾಡಲಿ? ಬೇಡವೆಂದೆ.

"ಹಂಗಾರ ಕಾರ್ ತರ್ತೀನಿ. ಮನಿ ಬಾಗಲಿಗೇ ಬರ್ತೀನಿ, ಆರಾಮ ಕುಂದರು."

ಎಲ್ಲಕ್ಕಿಂತ ಹೆಚ್ಚು ನಾನು ಹೆದರಿದ್ದು ಆ ಕಾರಿಗೆ. ಕಾರೆಂದರೆ ಹಿಂದೆ ಡಿಕ್ಕಿ. ಡಿಕ್ಕಿ ಖಾಲಿ ಇದ್ದರೆ ಹುಡುಗಿಯ ಹಾಸಿಗೆ, ಬ್ಯಾಗು, ಭಾಂಡೆ ಎಲ್ಲ ತುಂಬಲು ಜಾಗ. ಒಯ್ಯಲು ಜಾಗ ಮಾಡಿಕೊಂಡೇ ಹೋದವನು ಬಿಟ್ಟು ಬರುತ್ತಾನೆಯೇ? ಅದೂ ಅಲ್ಲದೆ ಕಾರು ಹೊಡೆಯುವಾಗ ಅವನು ಯಾರ ಮಾತನ್ನೂ ಕೇಳುವುದಿಲ್ಲ, ಹಾರ್ನ್ ಮೇಲೆಯೇ ಕೈ.

"ಕಾರಿನ ವಾಸನಿಗೆ ನನಗ ವಾಂತಿ ಬರತೈತಿ" ಎಂದೆ.

"ಯಾವತ್ತಿಂದ?"

"ಇವತ್ತಿಂದ. ನೀ ನಿಪ್ಪಾಣಿಗೆ ಬಂದ ಇಳಿ. ಅಲ್ಲಿಂದ ಇಬ್ರೂ ಕೆಂಪು ಬಸ್ಸಿಗೆ ಹೋಗೂಣ. ಆಜರಾ, ಆಂಬೋಲಿ, ಸಾವಂತವಾಡಿ, ಮಾಲವಣ. ನಾ ಎಲ್ಲಾ ಕೇಳಿಟ್ಟೀನಿ."

ಹೂಂ ಎನ್ನದೆ ಅವನಿಗೆ ದಾರಿಯಿರಲಿಲ್ಲ. ಶನಿವಾರ ಬೆಳಿಗ್ಗೆ ನಿಪ್ಪಾಣಿ ಸ್ಟ್ಯಾಂಡಿನಲ್ಲಿ ನಾನು ಮೊದಲೇ ಹೋಗಿ ಕಿಟಕಿಗೆ ಕರವಸ್ತ್ರ ಹಾಕಿ ಸೀಟು ಹಿಡಿದಿದ್ದೆ. ತೊಡೆಯ ಮೇಲೆ ಬುತ್ತಿ, ಬುತ್ತಿಯ ಮೇಲೆ ಸೋರೆಬುರುಡೆ. ಅದು ಮೊಮ್ಮಗಳು ಈಜು ಕಲಿತ ಬುರುಡೆ. "ಆಯಿ, ನನ್ನ ಬುರುಡಿ ತಗೊಂಬಾ, ನನ್ನ ರೂಮಿನ್ಯಾಗ ತೂಗಹಾಕ್ತೀನಿ" ಎಂದು ಫೋನಿನಲ್ಲಿ ಕೇಳಿದ್ದಳು. ಅವಳಿಗೆ ನಾನು ಆಯಿ.

ಕಂಡಕ್ಟರ್ ನೋಡಿ ನಕ್ಕ. "ಆಜಿ, ತಂಬೋರಾ ಘಿಊನ ಕುಠಂ ಚಾಲ್ಲಾಯ?" ಅಜ್ಜಿ, ತಂಬೂರಿ ಹಿಡಿದು ಯಾವ ಕಡೆ ಸವಾರಿ ಎಂದು.

ಮಾಲವಣದಲ್ಲಿ ನನ್ನ ಹಾಡಿನ ಕಚೇರಿ ಇದೆ, ಬಾ, ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ ಎಂದು ನಾನೂ ಮರಾಠಿಯಲ್ಲೇ ಕೊಟ್ಟೆ. ಇಡೀ ಬಸ್ಸು ನಕ್ಕಿತು. ಮಗ ಮಾತ್ರ ಬುರುಡೆಯ ಕಡೆ ನೋಡಿ ಮುಖ ತಿರುಗಿಸಿದ. ವಯಸ್ಸು ಐವತ್ತರ ಹತ್ತಿರ ಬಂದರೂ ಆ ನೋಟ ಕಬ್ಬಿನೊಳಗಿನದೇ.

ಆಜರಾ ದಾಟಿತು. ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಕೊಟ್ಟೆ. ಹೊಟ್ಟೆ ತುಂಬಿದ ಮೇಲೆ ಅವನೇ ಬಾಯಿ ಬಿಟ್ಟ.

"ಅವ್ವಾ, ನಿನಗ ಗೊತ್ತಿಲ್ಲ. ಅಕಿ ನೀರಾಗ ಇಳಿಯೂ ಹೊತ್ತ ಯಾವುದು ಅಂತ ನನಗ ಗೊತ್ತೈತಿ. ಆ ಹೊತ್ತಿಗೆ ನನಗ ಆಫೀಸಿನ್ಯಾಗ ಕುಂತಲ್ಲೇ ಉಸರ ಕಟ್ಟತೈತಿ. ಅಕಿ ಮ್ಯಾಲ ಬಂದು ಮೆಸೇಜ್ ಹಾಕೂತನಕ ನಾ ಒಂದು ಫೈಲ್ ಮುಟ್ಟೂದಿಲ್ಲ."

ನಾನು ಅವನನ್ನು ಹಟಮಾರಿ ಎಂದೇ ತಿಳಿದಿದ್ದೆ. ಇಷ್ಟು ದಿನ ಅವನೂ ನೀರಿನೊಳಗೇ ಇದ್ದ ಎಂಬುದು ಆ ಬಸ್ಸಿನಲ್ಲಿ ಗೊತ್ತಾಯಿತು. ಅವನ ಕೈ ಹಿಡಿದುಕೊಂಡೆ. ಹಾಗೆಂದು ನನ್ನ ಮಾತು ಬಿಡಲಿಲ್ಲ.

ಆಂಬೋಲಿಯಲ್ಲಿ ಚಹಾ ಕುಡಿದು ಹತ್ತಿದ ಮೇಲೆ ಘಾಟು ಇಳಿಯಲು ಶುರುವಾಯಿತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಬರೀ ಮಂಜು, ಕೆಳಗೆ ಏನಿದೆ ಎಂದು ಕಾಣುವುದೇ ಇಲ್ಲ. ಪ್ರತಿ ತಿರುವಿಗೂ ಮಗ ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದ.

"ಹೆದರಿಕಿ ಆಗತೈತೇನೋ?"

"ಸ್ವಲ್ಪ."

"ಹಂಗಾರ ಡ್ರೈವರನ್ನ ಎಬ್ಬಿಸಿ ನೀ ಹೊಡಿ."

"ಏನರೆ ಮಾತಾಡಬ್ಯಾಡ, ಅವ್ವಾ. ನನಗೆಲ್ಲಿ ಬಸ್ ಬರತೈತಿ? ಅಂವಾ ದಿನಾ ಇದನ್ನ ಇಳಸಾವ."

"ಹೌದಿಲ್ಲೋ? ಅವಂಗ ಬರತೈತಿ ಅಂತ ನಂಬಿ ಹಿಂದ ಕುಂತಿ. ಆ ಹುಡುಗೀಗೂ ಬರತೈತಿ. ಅಕೀನೂ ದಿನಾ ಇಳಸಾಕಿ."

ಅವನು ಡ್ರೈವರನ ಬೆನ್ನು ನೋಡಿದ. ಕಾರು ಬೇಡವೆಂದದ್ದು ಇದಕ್ಕೂ ಒಳ್ಳೆಯದೇ ಆಯಿತು. ಸ್ಟೇರಿಂಗ್ ಅವನ ಕೈಯಲ್ಲಿದ್ದಿದ್ದರೆ ಈ ಮಾತು ನನಗೂ ಹೊಳೆಯುತ್ತಿರಲಿಲ್ಲ, ಅವನಿಗೂ ನಾಟುತ್ತಿರಲಿಲ್ಲ.

ಸಾವಂತವಾಡಿಯಲ್ಲಿ ಬಸ್ಸು ಬದಲಿಸಿ, ಸಂಜೆಗೆ ಮಾಲವಣ ಮುಟ್ಟಿದೆವು. ಮೊಮ್ಮಗಳು ಸ್ಟ್ಯಾಂಡಿಗೆ ಓಡಿ ಬಂದಳು. ಬಿಸಿಲಿಗೆ ಮುಖ ಕಪ್ಪಾಗಿತ್ತು, ಹಲ್ಲು ಮಾತ್ರ ಬೆಳ್ಳಗೆ. ಮೊದಲು ನನ್ನನ್ನು ಅಪ್ಪಿಕೊಂಡಳು, ಆಮೇಲೆ ಬುರುಡೆಯನ್ನು. ಅಪ್ಪನ ಎದುರು ನಿಂತು, "ಪಪ್ಪಾ, ನಾ ಬ್ಯಾಗ್ ಕಟ್ಟಿಲ್ಲ. ನೀವು ಹೇಳಿದ್ರ ಕಟ್ತೀನಿ. ಆದ್ರ ಒಂದ್ಸಲ ನೋಡಿ ಹೇಳ್ರಿ" ಎಂದಳು. ಮಗ, "ನಾಳಿ ನೋಡೂಣು" ಎಂದಷ್ಟೇ ಹೇಳಿದ.

ಮರುದಿನ ಬೆಳಿಗ್ಗೆ ಮೂವರೂ ದಂಡೆಗೆ ಹೋದೆವು. ಸಮುದ್ರವನ್ನು ನಾನು ನೋಡಿದ್ದು ಅದೇ ಮೊದಲು. ಬೇಡಕಿಹಾಳದಲ್ಲಿ ಎಲ್ಲರಿಗೂ, "ಏನಿಲ್ಲ, ಅದೂ ಒಂದು ದೊಡ್ಡ ಬಾವಿ" ಎಂದು ಹೇಳಿ ಬಂದಿದ್ದೆ. ಮೊಮ್ಮಗಳು ಅಪ್ಪನಿಗೆ ಕಿತ್ತಳೆ ಬಣ್ಣದ ಜಾಕೀಟು ತೊಡಿಸಿ ಬಿಗಿ ಮಾಡಿದಳು. ಆಳಕ್ಕೆ ಬೇಡ, ಸೊಂಟದ ನೀರಿನ ತನಕ ಬಂದರೆ ಸಾಕು, ಕನ್ನಡಕ ಹಾಕಿ ಮುಖ ಮುಳುಗಿಸಿದರೆ ಮೀನು ಕಾಣುತ್ತವೆ ಎಂದಳು. ಅವನು ಪ್ಯಾಂಟು ಮಡಚಿ ನಿಂತ, ನಿಂತೇ ಇದ್ದ, ಕಾಲು ಮುಂದಕ್ಕೆ ಹೋಗಲಿಲ್ಲ.

ನನಗೆ ನಮ್ಮ ಬಾವಿ ನೆನಪಾಯಿತು. "ಅವಸರ ಮಾಡಬ್ಯಾಡ. ನೀರು ನಿಲ್ಲಲಿ, ಆಮ್ಯಾಲ ಇಳಿ" ಎಂದು ಧೈರ್ಯ ಕೊಟ್ಟೆ. ಅವನು ತಲೆಯಾಡಿಸಿದ. ತಾಯಿ, ಮಗ ಇಬ್ಬರೂ ನೀರು ನಿಲ್ಲುವುದನ್ನು ಕಾಯುತ್ತ ನಿಂತೆವು. ಒಂದು ಅಲೆ ಬಂತು, ಹೋಯಿತು. ಈಗ ನಿಲ್ಲುತ್ತದೆ ಎಂದುಕೊಳ್ಳುವಷ್ಟರಲ್ಲಿ ಮತ್ತೊಂದು. ಬಿಸಿಲು ನೆತ್ತಿಗೆ ಏರತೊಡಗಿತು. ಸುಮಾರು ಹೊತ್ತಾದ ಮೇಲೆ ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು.

"ಆಯಿ, ಏನ್ ಕಾಯಾಕತ್ತೀರಿ? ಈ ನೀರು ನಿಲ್ಲೂದಿಲ್ಲ! ಇದು ಹಿಂಗ ಇರೂದು!"

ಎಂದೂ ನಿಲ್ಲುವುದಿಲ್ಲವೇ ಎಂದು ಕೇಳಿದೆ. ಎಂದೂ ಇಲ್ಲ ಎಂದಳು. ಓಣಿಗೆಲ್ಲ ಈಜು ಕಲಿಸಿದವಳು ನಾನು, ನನ್ನ ಬುದ್ಧಿ ಬಾವಿಯಷ್ಟೇ ಅಗಲ ಎಂದು ಆಗ ತಿಳಿಯಿತು. ನಾನೂ ನಕ್ಕೆ. ಮಗ ನಗಲಿಲ್ಲ. ಅಲೆಯ ಕಡೆ ನೋಡಿದ, ಮಗಳ ಕಡೆ ನೋಡಿದ, ಆಮೇಲೆ ನನ್ನ ಕಂಕುಳಲ್ಲಿದ್ದ ಬುರುಡೆಯ ಕಡೆ ನೋಡಿದ.

"ಅದನ್ನೂ ಕಟ್ಟು" ಎಂದ.

"ಜಾಕೀಟ್ ಐತಲ್ಲ ಪಪ್ಪಾ, ಸಾಕು."

"ಇರಲಿ, ಕಟ್ಟು. ಆಯಿ ಬ್ಯಾಡ, ನೀ ಕಟ್ಟು."

ಹುಡುಗಿ ನನ್ನ ಮುಖ ನೋಡಿದಳು. ಬುರುಡೆ ತೆಗೆದುಕೊಂಡು ಅವನ ಬೆನ್ನಿಗಿಟ್ಟು, ಹಗ್ಗ ಎದೆಯ ಮೇಲೆ ತಂದು ಗಂಟು ಹಾಕಿದಳು. ನಾನು ಕಲಿಸಿದ ಗಂಟೇ, ಒಂದು ಎಳೆಯೂ ಹೆಚ್ಚುಕಮ್ಮಿ ಇಲ್ಲ. ಅಪ್ಪನ ಕೈ ಹಿಡಿದು ಒಳಗೆ ನಡೆಸಿದಳು. ಮೊದಲ ಅಲೆಗೆ ಅವನು ಕುಳಿತೇಬಿಟ್ಟ, ಮೂಗಿಗೆ ಉಪ್ಪು ನೀರು ಹೊಕ್ಕಿತು. ದಂಡೆಯ ಜನ ಬುರುಡೆ ಕಟ್ಟಿದ ಮನುಷ್ಯನನ್ನು ಮೊಬೈಲಿನಲ್ಲಿ ತೆಗೆಯುತ್ತಿದ್ದರು. ನನಗೆ ಅದೂ ಹೆಮ್ಮೆಯೇ. ಆಮೇಲೆ ಅವನು ಮುಖ ಮುಳುಗಿಸಿದ. ಎತ್ತಿದ. ಮತ್ತೆ ಮುಳುಗಿಸಿದ. ಮೂರನೆಯ ಸಲ ಎದ್ದವನು ಅಷ್ಟು ದೂರದಿಂದ ನನಗೆ ಕೂಗಿದ.

"ಅವ್ವಾ! ಹಳದಿ ಪಟ್ಟಿ ಮೀನು! ನನ್ನ ಕಾಲಾಗಿಂದ ಹಾದ ಹೋತು!"

ಊಟದ ಹೊತ್ತಾದರೂ ಅವನು ಮೇಲೆ ಬರಲಿಲ್ಲ. ಕಡೆಗೆ ಮಗಳೇ ಎಳೆತಂದಳು. ಬುರುಡೆಯ ಗಂಟಿಗೆ ಕೈ ಹಚ್ಚಿ, ಬಿಚ್ಚದೆ ಹಾಗೆಯೇ ಹಿಡಿದು ನಿಂತಳು.

"ಗಂಟು ಕಟ್ಟಿದಾಕಿ ದಂಡಿ ಬಿಡೂಹಂಗಿಲ್ಲ, ಗೊತ್ತೈತಿಲ್ಲ ಪಪ್ಪಾ? ಈಗ ಬಿಚ್ಚಿದ ಮ್ಯಾಲ ಹೇಳ್ರಿ. ನಾ ಇರ್ಲ್ಯೋ, ಬರ್ಲ್ಯೋ?"

"ಮೊದಲ ಬಿಚ್ಚು, ಬೆನ್ನು ಕಡಿಯಾಕತ್ತೈತಿ" ಎಂದ ಅವನು. ಬಿಚ್ಚಿದಳು. ಅವನು ಬೆನ್ನು ಕೆರೆದುಕೊಳ್ಳುತ್ತ ಊಟಕ್ಕೆ ನಡೆದ. ಉಣ್ಣಲು ಕುಳಿತಾಗಲೂ ಅವಳ ಮಾತಿಗೆ ಉತ್ತರ ಬರಲಿಲ್ಲ. ಹುಡುಗಿ ಅನ್ನ ಕಲೆಸುತ್ತಲೇ ಇದ್ದಳು, ಬಾಯಿಗೆ ಒಯ್ಯಲಿಲ್ಲ. ಇವನೊಬ್ಬ ಗಡದ್ದಾಗಿ ಉಂಡ.

ಸಂಜೆ ಸ್ಟ್ಯಾಂಡಿಗೆ ಬಂದೆವು. ಬಸ್ಸುಗಳ ಹೆಸರು, ಹೊತ್ತು ಬರೆದ ಫಲಕದ ಕೆಳಗೆ ಅವನು ಕತ್ತೆತ್ತಿ ಬಹಳ ಹೊತ್ತು ನಿಂತ. ಮಗಳು ಹಿಂದೆಯೇ ನಿಂತಿದ್ದಳು, ಕೈಯಲ್ಲಿ ಬುರುಡೆ. ಕೊನೆಗೆ ಅವನು ತಿರುಗಿದ, ಮಗಳ ಕಡೆಯಲ್ಲ, ನನ್ನ ಕಡೆ.

"ಅವ್ವಾ, ಇಕಿ ಅವ್ವಗ ಘಾಟಿನ್ಯಾಗ ಖರೇನ ವಾಂತಿ ಆಗತೈತಿ. ಮುಂದಿನ ಸಲ ಅಕಿನ್ನ ಬಸ್ಸಿನ್ಯಾಗ ಕರಕೊಂಡ ಬರೂದು ಆಗೂದಿಲ್ಲ. ಪುಣೆಯಿಂದ ಪನವೇಲಕ್ಕ ಹೋಗಿ, ಅಲ್ಲಿ ಕೊಂಕಣ ರೈಲು ಹಿಡದು ಕುಡಾಳಕ್ಕ ಇಳದ್ರ ಹ್ಯಾಂಗ?"

ಹುಡುಗಿ ಬುರುಡೆಯನ್ನು ಎದೆಗೆ ಒತ್ತಿಕೊಂಡು ಅಲ್ಲೇ ಸ್ಟ್ಯಾಂಡಿನಲ್ಲಿ ಜೋರಾಗಿ ಅತ್ತಳು, ನಕ್ಕಳು. ನಾನು ಕಣ್ಣೊರೆಸಿಕೊಂಡು ಮಗನಿಗೆ ಹೇಳಿದೆ, ರೈಲು ಒಳ್ಳೆಯದೇ, ಆದರೆ ಕುಡಾಳದಲ್ಲಿ ಇಳಿದ ಮೇಲೆ ಟ್ಯಾಕ್ಸಿಯವರ ಹಿಂದೆ ಹೋಗಬೇಡ, ಅಲ್ಲಿಂದ ಮಾಲವಣಕ್ಕೆ ಕೆಂಪು ಬಸ್ಸು ಸಿಗುತ್ತದೆ, ನಾನು ಎಲ್ಲಾ ಕೇಳಿಟ್ಟಿದ್ದೇನೆ ಎಂದು.